ಹೆಬ್ಬೆಟ್ಟು

ಬಟೂಮಿ. ಮೂರನೇ ಮಹಡಿ. ಕಪ್ಪು ಸಮುದ್ರದ ಗಾಳಿಗೆ
ಕಿಟಕಿ ಬಡಿದುಕೊಳ್ಳದಂತೆ ಮಡಚಿ ಸಿಕ್ಕಿಸಿದ ಕಾಗದ,
ಅದೂ ಇದೇ ಅರ್ಜಿಯ ಕೆಟ್ಟುಹೋದ ಒಂದು ಪುಟ.
ಉಳಿದವು ಮೇಜಿನ ಮೇಲೆ.
ಒಲೆಯ ಮೇಲೆ ಕೆಂಪು ಹುರುಳಿಕಾಳು, ಕೊತ್ತಂಬರಿ.

ನಾನು ಪ್ರಾಯೋಜಕಿ. ಇವನು ಪ್ರಾಯೋಜಿತ.
ಮದುವೆಯಾದ ನಾಲ್ಕು ವರ್ಷಕ್ಕೆ ಹುಟ್ಟಿದ ಹೊಸ ನಂಟು.
ಮೂರು ವರ್ಷ ಇವನ ಅನ್ನ ಬಟ್ಟೆ ಸೂರಿಗೆ
ನಾನೇ ಹೊಣೆ ಎಂದು ಸಹಿ ಹಾಕಿದೆ.
"ಅಡುಗೆ ಯಾರು ಮಾಡೋದು, ಅದನ್ನ ಕೇಳಿಲ್ಲವಾ?"
ಎಂದ ಮಲ್ಖಾಜ್, ಸೌಟು ನೆಕ್ಕುತ್ತ.

ನಾನು ಮರಳುವುದು ದಿಟವೆಂದು ಸರ್ಕಾರ ನಂಬಬೇಕಲ್ಲ,
ಫೋಗೋ ದ್ವೀಪದಿಂದ ಅಣ್ಣ ಕ್ಲಾರ್ ಕಾಗದ ಬರೆದಿದ್ದಾನೆ:
ಮೇಲಿನ ಕೋಣೆ ಖಾಲಿಯಿದೆ. ಒಲೆಯ ಕೊಳವೆ ಬದಲಿಸಿದ್ದೇನೆ.
ಮೀನಿನ ಕಾರ್ಖಾನೆಗೆ ಮೇ ತಿಂಗಳಲ್ಲಿ ಜನ ಬೇಕು.
ಆಮೇಲೆ, ಪೆನ್ನು ಬದಲಾಗಿ, ಸರ್ಕಾರಕ್ಕಲ್ಲದ ಒಂದು ಸಾಲು:
ಅವನ ಬೂಟಿನ ಅಳತೆ ಎಷ್ಟು?

ಏಳನೇ ಪುಟ. ಈ ಹಿಂದೆ ಮದುವೆಯಾಗಿತ್ತೇ?
'ಇಲ್ಲ' ಎಂಬ ಚೌಕದ ಮೇಲೆ ನನ್ನ ಪೆನ್ನು ಆಗಲೇ ಊರಿತ್ತು.
ಇವನ ಕೈ ಬಂದು ನನ್ನ ಕೈ ಮೇಲೆ ಕೂತಿತು.
ಹಡಗುಕಟ್ಟೆಯ ಕೈ. ಭಾರ.
"ಎತೇರಿ," ಎಂದ. "ಕುತಾಯಿಸಿಯಲ್ಲಿ. ನನಗೆ ಹತ್ತೊಂಬತ್ತು.
ನಲವತ್ತೊಂದು ದಿನ."

ನಾಲ್ಕು ವರ್ಷ ಒಂದೇ ಹೊದಿಕೆಯಡಿ ನಾನು ಕೇಳದೆ ಉಳಿದದ್ದನ್ನು
ಒಟ್ಟಾವಾದಲ್ಲಿ ಯಾರೋ ಕೇಳಿದ್ದರು,
ದನಿಯೇರಿಸದೆ, ಸಣ್ಣ ಅಚ್ಚಿನಲ್ಲಿ.
ಎದ್ದು ಕಾಳು ಇಳಿಸಿದೆ. ತಳ ಹಿಡಿದಿತ್ತು.
ರಾತ್ರಿ ಗೋಡೆಯ ಕಡೆ ಮುಖ ಮಾಡಿ
ನಲವತ್ತೊಂದನ್ನು ಏಳರಿಂದ ಭಾಗಿಸಿದೆ.
ಐದು ವಾರ, ಆರು ದಿನ.
ಚುಚ್ಚಿದ್ದು ಆ ಆರು ದಿನ.

ಬೆಳಗಾದರೆ ಇವನಿಲ್ಲ.
ಮಿನಿಬಸ್ಸು ಹತ್ತಿ ಹೋದವನು ಸಂಜೆಗೆ ತಂದ:
ವಿಚ್ಛೇದನದ ಪತ್ರ, ದ್ರಾಕ್ಷಿಬಳ್ಳಿಯ ಕುಡಿಯಂತೆ
ಸುರುಳಿ ಸುರುಳಿ ಲಿಪಿ, ಜೊತೆಗೆ ಅದರ ಇಂಗ್ಲಿಷು,
ಭಾಷಾಂತರದವನ ಮೊಹರು ಇನ್ನೂ ಹಸಿ.
ಜೇಬಿನಲ್ಲಿ ಎರಡು ಸೇಬು.
ಕೊಟ್ಟವರು ಯಾರೆಂದು ಇವನು ಹೇಳಲಿಲ್ಲ,
ಅರ್ಜಿಯಲ್ಲಿ ಆ ಕಲಮೂ ಇರಲಿಲ್ಲ.
ಒಂದನ್ನು ನಾನು ತಿಂದೆ. ಸಿಹಿಯಾಗಿತ್ತು, ಏನು ಮಾಡಲಿ.

ಇನ್ನು ಫೋಟೋ. ಇಬ್ಬರೂ ಒಟ್ಟಿಗಿರುವಂಥವು ಬೇಕಂತೆ.
ಹುಡುಕಿದೆವು. ಎಷ್ಟೊಂದು ಕಡೆ ನಾನೊಬ್ಬಳೇ,
ಎಷ್ಟೊಂದು ಕಡೆ ಇವನೊಬ್ಬನೇ!
ಒಬ್ಬರು ನಿಂತಾಗ ತೆಗೆದವರು ಇನ್ನೊಬ್ಬರು.
ಮದುವೆಗೆ ಸಾಕ್ಷಿ ಹಾಕಿದವರು ಇಬ್ಬರು: ಮನೆಯೊಡತಿ ತ್ಸಿಯಾಲಾ,
ಮತ್ತೆ ಬಾಡಿಗೆಗೆ ಕಾಯುತ್ತಿದ್ದ ಟ್ಯಾಕ್ಸಿಯವನು.
ಅವತ್ತು ನಮ್ಮನ್ನು ಸೇರಿಸಿ ತೆಗೆದ ಒಂದೇ ಚಿತ್ರದಲ್ಲಿ
ತ್ಸಿಯಾಲಾ ನಮ್ಮಿಬ್ಬರ ತಲೆ ಹಾರಿಸಿ
ತನ್ನ ಹೂಕುಂಡ ಉಳಿಸಿಕೊಂಡಿದ್ದಾಳೆ.

ಆದರೆ ಇದು ನೋಡಿ. ದೋಣಿಯಲ್ಲಿ ನಾನು,
ಗಾಳಿಗೆ ಕೂದಲು ಬಾಯಿಗೆ ಹೊಕ್ಕು, ಉಗಿಯುತ್ತ, ನಗುತ್ತ.
ಬಲಮೂಲೆಯಲ್ಲಿ ಮಸುಕಾಗಿ, ಕೆಂಪಗೆ, ಗುಡ್ಡದಷ್ಟು ದೊಡ್ಡದಾಗಿ
ಇವನ ಹೆಬ್ಬೆರಳು.
ಮಾರುಕಟ್ಟೆಯ ಚಿತ್ರದಲ್ಲೂ. ಜ್ವರದಲ್ಲಿ ಮಲಗಿದ್ದರಲ್ಲೂ.
ಎಣಿಸಿದರೆ ಒಂಬತ್ತು.
ಓದು ಬಾರದವನು ಸಾಲಪತ್ರಕ್ಕೆ ಒತ್ತುವಂತೆ
ನನ್ನ ದಿನಗಳ ಅಂಚಿನಲ್ಲೆಲ್ಲ
ಹೆಬ್ಬೆಟ್ಟು ಒತ್ತಿಟ್ಟಿದ್ದಾನೆ.

"ಇದೆಲ್ಲ ನಡೆಯಲ್ಲ ನೊರೀನ್," ಎಂದ.
ಒಂಬತ್ತನ್ನೂ ಲಕೋಟೆಗೆ ಹಾಕಿದೆ.
ಹಿಂದೆ, ಯಾರು ಯಾರೆಂದು ಬರೆಯುವಲ್ಲಿ, ಬರೆದೆ:
ಎಡಕ್ಕೆ ನಾನು. ಬಲಕ್ಕೆ ಗಂಡ.

ಕ್ಲಾರ್‌ಗೆ ಬೇರೆ ಚೀಟಿ:
ನಲವತ್ತನಾಲ್ಕು. ನಿಮ್ಮ ಕಡೆಯ ಲೆಕ್ಕದಲ್ಲಿ
ಅದು ಎಷ್ಟಾಗುತ್ತೋ, ನೀನೇ ನೋಡಿಕೋ.