ಅಮ್ಮನ ತೂಕ

ಸ್ವಾಕೋಪ್ಮುಂಡಿನಲ್ಲಿ ಹತ್ತು ಗಂಟೆಯವರೆಗೂ ಕಡಲ ಮಂಜು.
ಹ್ಯಾಂಗರಿನ ಬಾಗಿಲಲ್ಲಿ ಕೂತು ಕಾಯುವುದು
ನನ್ನ ಕಸುಬಿನ ಅರ್ಧ ಪಾಲು.
ಉಳಿದರ್ಧ, ಈ ಹಳೆಯ ಸೆಸ್ನಾದಲ್ಲಿ
ಮಧುಚಂದ್ರದವರನ್ನು, ನಿವೃತ್ತರನ್ನು,
ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡವರನ್ನು
ಮರಳಿನ ಮೇಲೆ ಎರಡು ಗಂಟೆ ಸುತ್ತಿಸಿ
ಊಟದ ಹೊತ್ತಿಗೆ ನೆಲಕ್ಕೆ ಒಪ್ಪಿಸುವುದು.

ಇವತ್ತು ಟಿಕೆಟ್ಟಿಲ್ಲದ ಇಬ್ಬರು.
ಏಳು ವರ್ಷದ ಜೆರಿಪೊ, ನನ್ನ ಮಗ.
ಮತ್ತೆ ನನ್ನ ಅಮ್ಮ ಕವೆಜೆರಿ,
ಮೂವತ್ತೊಂದು ವರ್ಷ ಇದೇ ಊರಿನ ಹೋಟೆಲುಗಳಲ್ಲಿ
ಇಂಥವರ ಹಾಸಿಗೆಯಿಂದ ಮರಳು ಕೊಡವಿದವಳು.
"ಅಷ್ಟು ದೂರದಿಂದ ಬಂದು ನೋಡುವುದು ಏನನ್ನ?
ನಾನು ದಿನಾ ಗುಡಿಸಿ ಹಾಕಿದ್ದನ್ನೇ?"
ಎಂದು ನಗುತ್ತಿದ್ದವಳು.

ಹೊರಡುವ ಮುನ್ನ ತೂಕ. ಅದು ನಿಯಮ.
ಅಮ್ಮ ಬಂದದ್ದು ಮದುವೆಗೆ ಹೊರಟ ಹಾಗೆ:
ಲಂಗದ ಮೇಲೆ ಲಂಗ, ಅದರ ಮೇಲೆ ನೇರಳೆ ಗೌನು,
ಬುಗ್ಗೆ ತೋಳು,
ತಲೆಯ ಮೇಲೆ ಅಡ್ಡಕ್ಕೆ ಚಾಚಿದ ಎರಡು ಕೊಂಬಿನ ಟೋಪಿ,
ನಮ್ಮ ಹೆರೆರೊ ಹೆಂಗಸರು ಹಸುವಿಗೆ ಸಲ್ಲಿಸುವ ಮರ್ಯಾದೆ.
ಮುಳ್ಳು ತೊಂಬತ್ತಾರು ದಾಟಿ ನಡುಗಿತು.
"ಅದರಲ್ಲಿ ಬಟ್ಟೆ ಎಷ್ಟು, ನಾನೆಷ್ಟು, ಬಿಡಿಸಿ ಬರಿ," ಎಂದಳು.
ಫಾರಮ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ.

ವಿಮಾನದ ಬಾಗಿಲಲ್ಲಿ ಕೊಂಬು ಸಿಕ್ಕಿಕೊಂಡಿತು.
ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದಳು,
ಬೆನ್ನು ಮುಂದಾಗಿ ನುಗ್ಗಿ ನೋಡಿದಳು.
ಜೆರಿಪೊ ನೆಲದಲ್ಲಿ ಉರುಳಾಡಿ ನಕ್ಕ.
ಪೆಟ್ರೋಲು ತುಂಬುವ ಹುಡುಗ ಮುಖ ಆಚೆ ತಿರುಗಿಸಿದ,
ಭುಜ ಮಾತ್ರ ಕುಲುಕುತ್ತಿತ್ತು.
ಕೊನೆಗೆ ಯಾರೂ ಹೇಳದೆ ತಾನೇ ಟೋಪಿ ತೆಗೆದು
ಮೊಮ್ಮಗನ ಕೈಗಿಟ್ಟಳು, ಎಳಗರು ಒಪ್ಪಿಸಿದ ಹಾಗೆ.
ಅವಳ ಕೂದಲು ಕಂಡು ಎಷ್ಟು ಕಾಲವಾಗಿತ್ತೋ!
ಗಿಡ್ಡಕ್ಕೆ, ಪೂರಾ ಬೆಳ್ಳಗೆ, ಉಪ್ಪು ಕೂತ ಬಂಡೆಯ ಹಾಗೆ.
ಹೆಡ್‌ಸೆಟ್ ತೊಡಿಸುವಾಗ ನನ್ನ ಬೆರಳು
ಒಂದು ಗಳಿಗೆ ಅಲ್ಲೇ ನಿಂತಿತು.

ಮಂಜು ಹರಿಯಿತು. ಎದ್ದೆವು.
ಒಂದು ಮಗ್ಗುಲಿಗೆ ನೀಲಿ, ಇನ್ನೊಂದಕ್ಕೆ ಕೆಂಗಂದು,
ನಡುವೆ ನೊರೆಯ ದಾರದಲ್ಲಿ ಹೊಲಿದ ಅಂಚು.
ದಿಬ್ಬಗಳ ನೆತ್ತಿಯಿಂದ ಮರಳು ಹೊಗೆಯಾಡುತ್ತಿತ್ತು.
ಕುಯಿಸೆಬ್ ಹೊಳೆಯಲ್ಲಿ ನೀರಿಲ್ಲ,
ಹೊಳೆ ಹೋದ ದಾರಿ ಮಾತ್ರ, ಅದರುದ್ದಕ್ಕೂ ಹಟ ಹಿಡಿದ ಹಸಿರು.
ದಂಡೆಯಲ್ಲಿ ಸೀಲ್‌ಗಳು, ಯಾರೋ ಚೆಲ್ಲಿದ ಕರಿ ಉದ್ದಿನಂತೆ.
ಮರಳಲ್ಲಿ ಹೂತ ಹಡಗಿನ ಪಕ್ಕೆಲುಬು ಕಂಡು
"ಸಮುದ್ರ ಇದನ್ನ ಬಿಟ್ಟು ಹೋಗಿದೆ!" ಜೆರಿಪೊ ಕೂಗಿದ.
ಬಿಸಿಗಾಳಿಯ ಗುಂಡಿಗೆ ಧೊಪ್ಪೆಂದು ಬಿದ್ದಾಗ
ಅಮ್ಮ ನನ್ನ ಮೊಣಕೈ ಗಟ್ಟಿ ಹಿಡಿದಳು.
ಆಮೇಲೆ, "ಇನ್ನೊಂದು ಸಲ," ಎಂದಳು.

ದಿಬ್ಬದ ಎತ್ತರ, ಮರಳಿನ ವಯಸ್ಸು,
ಟೂರಿಸ್ಟರಿಗೆ ಹೇಳುವ ಮಾತೆಲ್ಲ ನನಗೆ ಬಾಯಿಪಾಠ.
ಅವಳೆದುರು ಒಂದೂ ನಾಲಿಗೆಗೆ ಬರಲಿಲ್ಲ.

ಊರು ಕಂಡಿತು. ಇಳಿಸಲು ತಿರುಗಿದೆ.
"ಸ್ಮಶಾನದ ಆಚೆ ಒಂದು ಸುತ್ತು ಹಾಕು,"
ಕಿವಿಯೊಳಗೇ ಕೂತು ಆಡಿದ ಹಾಗೆ ಅವಳ ದನಿ.
ಎಷ್ಟು ಸಾವಿರ ಸಲ ಹಾರಿದ್ದೇನೆ, ಆ ತಿರುವು ನನ್ನ ದಾರಿಯಲ್ಲಿಲ್ಲ.
ಎಡ ರೆಕ್ಕೆ ತಗ್ಗಿಸಿದೆ.

ಸಾಲು ಸಾಲು ಮರಳ ದಿನ್ನೆ.
ಕಲ್ಲಿಲ್ಲ, ಹೆಸರಿಲ್ಲ.
ನೆಲದಲ್ಲಿ ನಿಂತರೆ ಗಾಳಿಯ ಕೆಲಸ ಅನಿಸುತ್ತದೆ.
ಮೇಲಿನಿಂದ, ಒಂದೇ ಕಂಬಳಿಯಡಿ
ಒತ್ತೊತ್ತಾಗಿ ಮಲಗಿದವರು.
"ಜರ್ಮನರ ಕ್ಯಾಂಪಿನಲ್ಲಿ ಹೋದವರು.
ನನ್ನ ಅಜ್ಜಿಯ ಅಕ್ಕ ಇದರಲ್ಲಿ ಎಲ್ಲೋ.
ಯಾವುದು ಅಂತ ಅಜ್ಜಿಗೂ ಗೊತ್ತಿರಲಿಲ್ಲ."
ಆಮೇಲೆ ಅಂಗೈ ಬಿಡಿಸಿ ಕಿಟಕಿಯ ಗಾಜಿನ ಮೇಲೆ
ಮೆಲ್ಲಗೆ, ಆ ಅಂಚಿನಿಂದ ಈ ಅಂಚಿಗೆ ಸವರಿದಳು,
ಹೊದಿಕೆಯ ಸುಕ್ಕು ತೀಡುವ ಹಾಗೆ.
ಜೆರಿಪೊ ಏನೂ ಕೇಳಲಿಲ್ಲ. ಅವನೂ ತನ್ನ ಗಾಜು ಸವರಿದ.
ಎರಡು ಸುತ್ತು ಹಾಕಿದೆ. ಮೂರಾಯಿತೇನೋ.

ಇಳಿದದ್ದೇ ಹಸಿವು ಎಂದಳು, ಕರಿದ ಮೀನು ಬೇಕೆಂದಳು.
ಹೋಗುತ್ತಾ ಹೋಗುತ್ತಾ ತಕ್ಕಡಿ ಕಂಡು
ಮತ್ತೆ ಹತ್ತಿ ನಿಂತಳು: "ಕಮ್ಮಿಯಾಗಿದ್ದೇನಾ, ನೋಡು."
ಮುಳ್ಳು ತೊಂಬತ್ತಾರು ದಾಟಿ ನಡುಗಿತು.
ಟೋಪಿ ಇನ್ನೂ ಜೆರಿಪೊನ ತಲೆಯ ಮೇಲಿತ್ತು.