ಬಿಚ್ಚಿದ ಕಾಲರ್

ಊಟದ ಬಿಡುವು ಅರ್ಧ ಗಂಟೆ. ಹತ್ತು ನಿಮಿಷ
ಕೈ ತೊಳೆಯುವ ಸಾಲಿಗೆ, ಉಳಿದದ್ದು ಟಾರಾಳಿಗೆ.
ನಾಯಂಡಹಳ್ಳಿ ಗಾರ್ಮೆಂಟ್ಸಿನ ಮೂರನೇ ಮಹಡಿಯ ಮೆಟ್ಟಿಲು,
ಡಬ್ಬಿ ಬಿಚ್ಚಿ ಕೂತ ನಾವು ನಾಲ್ವರು,
ಉಪ್ಪಿನಕಾಯಿ ಶೀಶೆಗೆ ಒರಗಿದ
ಸುಮಯ್ಯಾಳ ಒಡಕು ಫೋನು.

ಗೊತ್ತಿಲ್ಲದವರಿಗೆ ಕತೆ ಹೇಳಬೇಕು:
ಟಾರಾ ಜೇಬುಗಳ್ಳಿ. ಮೊದಲ ಸೀಸನ್ನಿನಲ್ಲಿ ಬಾಯಿ ಬಿಟ್ಟರೆ ಬೆಂಕಿ.
ಸೇತುವೆಯ ಕೆಳಗೆ ತಮ್ಮ ಸತ್ತ ರಾತ್ರಿಯಿಂದ
ಒಬ್ಬರನ್ನೂ ನಂಬಿದವಳಲ್ಲ.
ಕೆಲ್ಲನ್ನನ ತೋಳಿಗೆ ಕಾಲದ ಪಟ್ಟಿ,
ತಿರುಗಿಸಿದರೆ ಹಿಂದಕ್ಕೆ ಹೋಗುತ್ತಾನೆ. ಹಾರುತ್ತಾನೆ ಕೂಡ,
ಅದು ನಮಗೆ ಮುಖ್ಯವಲ್ಲ.
ಮೂರನೇ ಸೀಸನ್ನಿನ ಕೊನೆಗೆ ಹೋಗಿ
ಆ ತಮ್ಮನನ್ನು ಉಳಿಸಿಯೇಬಿಟ್ಟ.
ಈಗ ಟಾರಾ ಬೇಕರಿ ಇಟ್ಟಿದ್ದಾಳೆ. ನಗುತ್ತಾಳೆ.
ಕೆಲ್ಲನ್ ಎದುರು ನಿಂತರೆ
"ಏನು ಕೊಡಲಿ ಸರ್?" ಅನ್ನುತ್ತಾಳೆ.

"ಇದನ್ನ ಬೆಳೆಯೋದು ಅಂತೀರಾ?" ಅಂದಳು ಸೆಲ್ವಿ,
ಸಾರಿನ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ.
"ಬೇರೆ ಯಾರನ್ನೋ ತಂದು ಕೂರಿಸಿದ್ದಾರೆ ಕಣ್ರೇ.
ಎರಡು ವರ್ಷ ನಾವು ಯಾರ ಜೊತೆ ಅತ್ತೆವೋ
ಅವಳನ್ನ ಒಂದು ಮಾತೂ ಕೇಳದೆ ಅಳಿಸಿದರು."

"ತಮ್ಮ ಬದುಕಿದ್ದಾನಲ್ಲೇ! ಇನ್ನೇನು ಬೇಕು ನಿನಗೆ?"
ಹೊನ್ನಮ್ಮಕ್ಕ ಗದರಿದಳು.
ಅವಳಿಗೂ ಒಬ್ಬ ತಮ್ಮನಿದ್ದ.
ನಾವ್ಯಾರೂ ಆ ಮಾತು ಎತ್ತಲಿಲ್ಲ.

ಸುಮಯ್ಯಾ ಮೆಲ್ಲಗೆ: "ಬೆಳೆದದ್ದು ಕೆಲ್ಲನ್.
ಎರಡೂ ಟಾರಾ ನೆನಪಿರೋದು ಅವನೊಬ್ಬನಿಗೇ.
ಮೊದಲೆಲ್ಲ ಎಷ್ಟು ಜಂಭ! ಈಗ ನೋಡಿ,
ಒಂದು ಬನ್ ತಗೊಂಡು, ಚಿಲ್ಲರೆ ಎಣಿಸದೆ
ಸುಮ್ಮನೆ ಹೊರಟುಹೋದ."

ನಾನು ಕಾಲರ್ ಸೆಕ್ಷನ್ನಿನವಳು.
ಕೆಂಪು ಬಾಣದ ಸ್ಟಿಕ್ಕರ್ ಅಂಟಿ ವಾಪಸು ಬಂದದ್ದನ್ನು
ಬಿಚ್ಚಿ ಮತ್ತೆ ಹೊಲಿಯುವುದು ನನ್ನ ಕೆಲಸ.
"ದಾರ ಕಿತ್ತರೂ ಸೂಜಿ ತೂತು ಉಳಿಯುತ್ತೆ," ಅಂದೆ,
"ಬಟ್ಟೆಗೆ ಗೊತ್ತಿರುತ್ತೆ. ಟಾರಾಗೂ ಗೊತ್ತಿರುತ್ತೆ."
ಇಂಥ ಮಾತು ನನ್ನ ಬಾಯಲ್ಲಿ ಬಂತಲ್ಲ ಅಂತ
ನನಗೇ ಒಂದಿಷ್ಟು ಹೆಮ್ಮೆ.

ಬೀಡಿಗೆ ಅಂತ ಮೇಲೆ ಬಂದ ಇಸ್ತ್ರಿಯ ಬಸವಲಿಂಗ
ಗೋಡೆಗೊರಗಿ ಎಲ್ಲ ಕೇಳಿಸಿಕೊಂಡಿದ್ದ.
"ಆವಿ ಹಿಡಿದರೆ ತೂತೂ ಕೂಡ್ಕೊಳ್ಳುತ್ತಮ್ಮ.
ದಿನಕ್ಕೆ ಎಂಟುನೂರು ಕಾಲರಿನ ಬಾಯಿ ಮುಚ್ಚಿಸ್ತೀನಿ ನಾನು.
ಚೆಕ್ಕಿಂಗಿನವರು ಬಿಡು, ದೇವರೂ ಕಂಡುಹಿಡಿಯಲ್ಲ."

ಸೀರಿಯಲ್ ನೋಡದವನಿಗೆ ಇಲ್ಲಿ ಮಾತಿಲ್ಲ ಅಂತ
ಅವನನ್ನು ಇಳಿಸಿ ಕಳಿಸಿದೆವು.
ಮಾತು ಮಾತ್ರ ಮೆಟ್ಟಿಲ ಮೇಲೇ ಕೂತಿತ್ತು.

ಆಗ ಸೆಲ್ವಿ, "ತಡಿ, ಹಿಂದಕ್ಕೆ ಎಳಿ. ಇನ್ನೂ. ಇಲ್ಲಿ."
ಮೂರೇ ಸೆಕೆಂಡು.
ಬೇಕರಿಯ ಟಾರಾ ಸಂತೆಯಲ್ಲಿ ನಡೆಯುತ್ತಿದ್ದಾಳೆ,
ಪಕ್ಕದಲ್ಲೊಬ್ಬ ಕೋಟಿನ ಮನುಷ್ಯ,
ಅವಳ ಎರಡು ಬೆರಳು ತಾವಾಗಿ
ಅವನ ಜೇಬಿನತ್ತ ಹೋಗಿ
ನಾಚಿದಂತೆ ವಾಪಸು.
ಬರೆದವರ ಲೆಕ್ಕವೋ, ನಟಿಯ ಅಭ್ಯಾಸವೋ?
ಆರು ಸಲ ನೋಡಿದೆವು. ಮುದ್ದೆ ಆರಿತು.
"ಅವಳೇ," ಅಂದಳು ಸೆಲ್ವಿ. ಕಣ್ಣು ತುಂಬಿತ್ತು, ಪೆದ್ದಿ.

"ಆ ಪಟ್ಟಿ ನನ್ನ ಕೈಗೆ ಸಿಕ್ಕರೆ," ಹೊನ್ನಮ್ಮಕ್ಕ ಡಬ್ಬಿ ಮುಚ್ಚುತ್ತಾ,
"ಸೂಪರ್ವೈಸರ್ ಕೆನ್ನೆಗೆ ಕೊಟ್ಟ ದಿನಕ್ಕೆ ಹೋಗ್ತೀನಿ."
"ಹೋಗಿ, ಹೊಡೆಯದೆ ಬರ್ತೀಯಾ?"
"ಇನ್ನೊಂದು ಕೊಟ್ಟು ಬರ್ತೀನಿ."
ನಕ್ಕ ನಗೆಗೆ ಶೀಶೆ ಉರುಳಿತು.
ಮೈಸೂರು ರಸ್ತೆಯ ಮೇಲೆ ಮೆಟ್ರೋ ದಾಟಿತು, ಬೆಲ್ ಆಯಿತು.

ಭಾನುವಾರ ಮಧ್ಯಾಹ್ನ ಮಲಗಿದ್ದೆ.
"ಅಮ್ಮಾ, ಹೊದಿಕೆನ ಯಾಕೆ ಹಂಗೆ ತಳ್ತಾ ಇದೀಯ?"
ಮಗಳು ಕೇಳಿದಾಗಲೇ ಎಚ್ಚರ.
ಅಂಚು ಹಿಡಿದ ನನ್ನ ಎರಡೂ ಕೈ
ಇಲ್ಲದ ಸೂಜಿಯ ಕಡೆಗೆ ಒಂದೇ ಸಮ
ಬಟ್ಟೆ ಸಾಗಿಸುತ್ತಿದ್ದವು.

ಸೆಲ್ವಿಗೆ ಹೇಳಬೇಕು.
ಶುಕ್ರವಾರ ಹೊಸ ಕಂತು. ಸುಮಯ್ಯಾಳ ಡೇಟಾ ಮುಗಿದಿದೆ,
ಈ ವಾರ ಹಾಕಿಸುವ ಸರದಿ ನನ್ನದು.