ಮೂಲೆಯಲ್ಲಿ ಮೂವತ್ತೊಂದು

ತುಲಾ ಸಂಕ್ರಮಣ ಕಳೆದು ಮೂರನೆಯ ರಾತ್ರಿ
ಹಿತ್ತಲ ತಂತಿಗೆ ಬಿಳಿ ದುಪ್ಪಟಿ ಇಳಿಬಿಟ್ಟು
ಹಿಂದೆ ಬಲ್ಬು ಹಚ್ಚಿ ಕೂತೆ.
ಕಾಲಿಗೆ ಸಾಕ್ಸು, ಸಾಕ್ಸಿಗೆ ಹೊಗೆಸೊಪ್ಪಿನ ನೀರು;
ಕಕ್ಕಬ್ಬೆಯ ಜಿಗಣೆಗೆ ಪಂಚಾಂಗ ಗೊತ್ತಿಲ್ಲ.

ಹತ್ತೂವರೆಗೆ ಬಂತು ಅದು.
ಒಣ ಏಲಕ್ಕಿ ಸಿಪ್ಪೆಯ ಬಣ್ಣ, ಅಂಚಿಗೆ ಕಾಚಂಪುಳಿ ಕಪ್ಪು,
ರೆಕ್ಕೆಯ ನಡುವೆ ಒಂದು ಗೆರೆ,
ಯಾರೋ ಸಹಿ ಹಾಕಲು ಹೊರಟು
ಮನಸ್ಸು ಬದಲಿಸಿ ಪೆನ್ನೆತ್ತಿದ ಹಾಗೆ.
ಉಸಿರು ಹಿಡಿದು ಒತ್ತಿದೆ. ಒಂಬತ್ತು ಎಂಬಿ.

ಒಂಬತ್ತು ಎಂಬಿ ನಮ್ಮೂರಿಂದ ಹೊರಡುವುದಿಲ್ಲ.
ನೀರಿನ ಟ್ಯಾಂಕ್ ಹತ್ತಿದರೆ ಸಿಗ್ನಲ್ ಎರಡು ಕಡ್ಡಿ,
ಅದರಲ್ಲೊಂದು ಕೇರಳದ್ದು.
ಅರ್ಧ ಗಂಟೆ ಗುಂಡಗೆ ತಿರುಗಿ ತಿರುಗಿ
ಫೋನೇ ಸುಸ್ತಾಗಿ ಕೈಚೆಲ್ಲಿತು.

ಪಕ್ಕದ ತೋಟದ ರೈಟರ ಮಗ ಷಂಶೀರ್ ಹೇಳಿಕೊಟ್ಟ:
‘ಕುಗ್ಗಿಸಿ ಆಂಟಿ, ಎಂಟುನೂರು ಪಿಕ್ಸೆಲ್ ಸಾಕು.
ಮೂಲೆ ಹಿಡಿದು ಒಳಗೆ ತಳ್ಳಿ, ಅಷ್ಟೇ.’
ತಳ್ಳಿದೆ. ಹೋಯಿತು, ಎರಡೇ ನಿಮಿಷಕ್ಕೆ.

ಪತಂಗ ನೋಡುವವರು ನಾವು ಹದಿನಾಲ್ಕು ಮಂದಿ,
ಮಡಿಕೇರಿ, ಕುಟ್ಟ, ಸೋಮವಾರಪೇಟೆ, ಅಲ್ಲಿ ಇಲ್ಲಿ.
ಒಬ್ಬರ ಮುಖ ಒಬ್ಬರು ಕಂಡವರಲ್ಲ,
ಎಲ್ಲರ ಮನೆಯ ಗೋಡೆ ಮಾತ್ರ ಚೆನ್ನಾಗಿ ಬಲ್ಲೆವು.
ಅಪ್ಪಚ್ಚು ಮೇಷ್ಟ್ರು ಬರೆದರು:
‘ಇದು ಪತಂಗವೂ ಇರಬಹುದು, ಬಿಸ್ಕತ್ತೂ ಇರಬಹುದು.
ದೊಡ್ಡದು ಕಳಿಸಿ.’

ಚಿಕ್ಕದನ್ನೇ ಬೆರಳಲ್ಲಿ ಎಳೆದೆಳೆದು ನೋಡಿದೆ.
ಗೆರೆ ಇದ್ದಲ್ಲಿ ಮೆಟ್ಟಿಲು, ಮೀಸೆ ಇದ್ದಲ್ಲಿ ಮಸಿ.
ಕುಗ್ಗಿದ್ದು ಹಿಗ್ಗುತ್ತದೆ, ಹೋದದ್ದು ಬರುವುದಿಲ್ಲ.
ಷಂಶೀರನಿಗೆ ಗೊತ್ತಿದ್ದಿರಬೇಕು, ನಾನು ಕೇಳಿರಲಿಲ್ಲ.

ಬಿ.ಪಿ. ಮಾತ್ರೆಗೆಂದು ನಾಪೋಕ್ಲಿಗೆ ಹೋದ ದಿನ
ಬ್ಯಾಂಕಿನ ಮೆಟ್ಟಿಲ ಮೇಲೆ ಕೂತು
ಇಡೀ ಒಂಬತ್ತನ್ನೂ ಕಳಿಸಿದೆ,
ಒಂದು ಚುಕ್ಕೆ ಕಡಿಮೆ ಮಾಡದೆ.

ಮೇಷ್ಟ್ರು ಎರಡು ದಿನ ಸುಮ್ಮನಿದ್ದರು.
ಬರೆದದ್ದು ಸುಂಟಿಕೊಪ್ಪದ ಲೆತೀಸಿಯಾ,
‘ಚೆಂದ’ ಎನ್ನುವುದು ಬಿಟ್ಟು ಎರಡನೇ ಮಾತು ಆಡದವಳು:

‘ಪತಂಗ ನನಗೆ ತಿಳಿಯದು.
ಬಲಗಡೆ ಕೆಳಗಿನ ಮೂಲೆ ದೊಡ್ಡದು ಮಾಡಿ ನೋಡಿ.
ಕೆಂಪು ದಾರದಲ್ಲಿ ೩೧.
ಒಂದರ ಬಾಲ ಸೊಟ್ಟ, ಹೊಲಿಯುವಾಗ ಬೆರಳಿಗೆ ಸೂಜಿ ಚುಚ್ಚಿತ್ತು.
ವಿರಾಜಪೇಟೆ ಬೋರ್ಡಿಂಗ್, ಏಳನೇ ಕ್ಲಾಸು.
ದುಪ್ಪಟಿ ಕಳೆದದ್ದಕ್ಕೆ ಸಿಸ್ಟರ್
ಕ್ರಿಸ್ಮಸ್ ರಜೆಯವರೆಗೆ ಬರೀ ಚಾಪೆಯ ಮೇಲೆ ಮಲಗಿಸಿದ್ದರು.
ನಿಮಗೆ ಎಲ್ಲಿ ಸಿಕ್ಕಿತು?’

ನನ್ನ ನಂಬರು ಇಪ್ಪತ್ತೆಂಟು.
ನನ್ನದು ನಡುವೆ ಹರಿದಿತ್ತು.
ಅವಳದು ಕಣ್ಣೂರಿನ ದಪ್ಪ ನೂಲು, ತಂತಿಯ ಮೇಲೆ
ಬಿಸಿಲಲ್ಲಿ ಬೇರೆಯೇ ಬೆಳ್ಳಗೆ ಕಾಣುತ್ತಿತ್ತು.
‘ಒಗೆದ ಗಂಟಲ್ಲಿ ಅದಲುಬದಲಾಯ್ತು’ ಅಂತ
ಅವತ್ತು ಅಮ್ಮನಿಗೆ ಹೇಳಿದೆ,
ಆಮೇಲೆ ನನಗೆ ಹೇಳಿಕೊಂಡೆ,
ಹೇಳಿ ಹೇಳಿ ಎಷ್ಟು ಸಣ್ಣದಾಗಿತ್ತೆಂದರೆ
ನಾಲ್ಕು ದಶಕದ ಮೇಲೆ ಅದೇ ದುಪ್ಪಟಿ ತೂಗುಹಾಕಿ
ಅದರ ಮುಂದೆ ಆರಾಮಾಗಿ ದೀಪ ಹಚ್ಚಿ ಕೂತಿದ್ದೆ.

ಉತ್ತರ ಟೈಪು ಮಾಡಿದೆ. ಉದ್ದವಾಯ್ತು. ಅಳಿಸಿದೆ.
ಚಿಕ್ಕದು ಮಾಡಿದೆ. ಅದು ಬಿಸ್ಕತ್ತಿನ ಹಾಗೆ ಕಂಡಿತು.
ಅಳಿಸಿದೆ.

ಅಂಟುವಾಳ ನೆನೆಸಿ ಒಗೆದೆ, ನೀಲಿ ಅದ್ದಿದೆ.
ಒಣಗಿದ ಮೇಲೆ ಮಡಚಿದೆ:
ಎರಡಾಗಿ, ನಾಲ್ಕಾಗಿ, ಎಂಟಾಗಿ, ಹದಿನಾರಾಗಿ,
ಕೊನೆಗೆ ಒಂದು ಪಾಠಪುಸ್ತಕದಷ್ಟು,
ಬಿಚ್ಚಿದರೆ ಒಂದೆಳೆಯೂ ಕಡಿಮೆಯಿಲ್ಲ.
೩೧ ಮೇಲೆ ಬರುವಂತೆ ಇಟ್ಟೆ.
ಒಂದರ ಸೊಟ್ಟ ಬಾಲಕ್ಕೆ ಅಂಟಿದ್ದ ರೆಕ್ಕೆಯ ಪುಡಿ
ಒಗೆದರೂ ಹೋಗಿರಲಿಲ್ಲ.
ಮೇಷ್ಟ್ರು ಇನ್ನೂ ಅದರ ಹೆಸರು ಹುಡುಕುತ್ತಿದ್ದಾರೆ.

ಬೆಳಿಗ್ಗೆ ಏಳೂಕಾಲರ ಬಸ್ಸಿಗೆ ಕೊಟ್ಟೆ.
ಕಂಡಕ್ಟರ್ ಪೊಟ್ಟಣ ಕೈಯಲ್ಲಿ ತೂಗಿ ನೋಡಿ,
‘ಒಳಗೇನು?’
‘ಬಟ್ಟೆ.’
‘ಯಾರದು?’

ಮೇಲೆ ವಿಳಾಸವಿದೆಯಲ್ಲ, ಓದು, ಎಂದೆ.